ಹೈಮವತಿ ಮಾಡಿಸಿದ ಹದಿನಾರು ಆಸನ

ಮೇಲುಕೋಟೆಯಲ್ಲಿ, ಕಲ್ಯಾಣಿಯ ಹಿಂದಿನ ಬೀದಿಯಲ್ಲಿ, ರಂಗನಾಯಕಮ್ಮ ಎಂಬ ಯೋಗಗುರು ಇದ್ದರು. ವಯಸ್ಸು ಎಪ್ಪತ್ತೊಂದು. ತಂದೆಯಿಂದ ಕಲಿತವರು, ಆ ತಂದೆ ತಮ್ಮ ಗುರುಗಳಿಂದ, ಆ ಗುರುಗಳು ಅವರ ಗುರುಗಳಿಂದ. ಬಾಗಿಲಿಗೆ ಬೋರ್ಡಿಲ್ಲ, ಒಳಗೆ ಮೈಕಿಲ್ಲ. ನಡುಮನೆಯಲ್ಲಿ ಹತ್ತು ಚಾಪೆ ಹಾಸುವಷ್ಟು ಜಾಗ, ಗೋಡೆಗೊಂದು ಗಡಿಯಾರ. ಶಿಷ್ಯರೆಲ್ಲ ಅವರನ್ನು ಅಮ್ಮಾವ್ರು ಎನ್ನುತ್ತಿದ್ದರು.

ಅಲ್ಲಿ ಹಠಯೋಗ ಕಲಿತು ಮುಂದೆ ತಾವೂ ಕಲಿಸಬೇಕು ಎನ್ನುವವರಿಗೆ ಮೂರು ವರ್ಷದ ಪಾಠ, ಕೊನೆಗೊಂದು ಪರೀಕ್ಷೆ. ಆ ಪರೀಕ್ಷೆಯೇ ವಿಚಿತ್ರ, ಕೇಳಿ. ಅವತ್ತು ಚಾಪೆಯ ಮೇಲೆ ಗುರು, ಎದುರಿಗೆ ಶಿಷ್ಯ. ಶಿಷ್ಯ ಹದಿನಾರು ಆಸನ ಹೇಳಿ ಮಾಡಿಸಬೇಕು. ಗುರು ಬಾಯಿ ಬಿಡುವ ಹಾಗಿಲ್ಲ, ತಿದ್ದುವ ಹಾಗಿಲ್ಲ. ಬಗ್ಗು ಎಂದರೆ ಬಗ್ಗಬೇಕು, ಎಷ್ಟು ಉಸಿರು ಎಣಿಸಿದರೆ ಅಷ್ಟು ಹೊತ್ತು ಹಾಗೇ ಇರಬೇಕು. ಮುಗಿದ ಮೇಲೆ ಗುರು ಒಂದು ಪತ್ರ ಬರೆದುಕೊಡುವರು. ಅದರಲ್ಲಿ ಇರುವುದು ಎರಡೇ ಸಾಲು, ತಲೆತಲಾಂತರದಿಂದ ಅವೇ ಎರಡು ಸಾಲು: “ಇವರ ಕೈಗೆ ನನ್ನ ಮೈ ಕೊಟ್ಟು ನೋಡಿದ್ದೇನೆ. ನೀವೂ ಕೊಡಬಹುದು.” ಆ ಪತ್ರವಿಲ್ಲದೆ ಆ ಮನೆಯ ಹೆಸರು ಹೇಳಿಕೊಂಡು ಯಾರೂ ಕಲಿಸುವ ಹಾಗಿರಲಿಲ್ಲ.

ಅಲ್ಲಿಗೆ ಅರಸೀಕೆರೆಯಿಂದ ಹೈಮವತಿ ಎಂಬ ಹುಡುಗಿ ಬಂದಳು. ಚುರುಕು ಎಂದರೆ ಚುರುಕು. ಬೇರೆಯವರು ಆರು ತಿಂಗಳು ಏದುಸಿರು ಬಿಟ್ಟು ಕಲಿಯುವುದನ್ನು ಎರಡೇ ತಿಂಗಳಲ್ಲಿ ಕಲಿತುಬಿಟ್ಟಳು. ಆದರೆ ಕೂತಲ್ಲಿ ಕೂರುವವಳಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ಶವಾಸನದಲ್ಲಿ ಮಲಗಿಸಿದರೂ ಕಾಲಿನ ಹೆಬ್ಬೆರಳು ಕುಣಿಯುತ್ತಿತ್ತು.

ಅಮ್ಮಾವ್ರು ಅವಳನ್ನು ಮೊದಲ ವರ್ಷ ದಿನಕ್ಕೆ ಒಂದು ಗಂಟೆ ಸುಮ್ಮನೆ ಹಿಂದೆ ಕೂರಿಸುತ್ತಿದ್ದರು. ಬೇರೆಯವರು ಆಸನ ಮಾಡುವಾಗ ಅವರ ಬೆನ್ನು ನೋಡು, ಕತ್ತು ನೋಡು, ಉಸಿರು ನೋಡು ಎನ್ನುತ್ತಿದ್ದರು. ಹೈಮವತಿ ನೋಡುತ್ತಿದ್ದದ್ದು ಗಡಿಯಾರವನ್ನು. ಕಲಿಯಲು ಬಂದವಳನ್ನು ಹೀಗೆ ಕಾವಲಿಗೆ ಕೂರಿಸಿದರೆ ಏನು ಬಂತು ಎಂದು ಒಳಗೊಳಗೇ ಕುದಿಯುತ್ತಿದ್ದಳು. ಅವಳ ಜೊತೆ ಬಂದಿದ್ದ ಇನ್ನೊಬ್ಬ ಹುಡುಗಿ ಅರ್ಧಕ್ಕೇ ಬಿಟ್ಟು ಹೋಗಿ, ಬೇರೆಲ್ಲೋ ಒಂದು ತಿಂಗಳ ಸರ್ಟಿಫಿಕೇಟು ಪಡೆದು, ಮೈಸೂರಿನಲ್ಲಿ ಮೂರು ಕಡೆ ಕ್ಲಾಸು ಶುರು ಮಾಡಿದ್ದಳು. ಅವಳ ಫೋಟೋಗಳು ಮೊಬೈಲಿಗೆ ಬಂದಾಗಲೆಲ್ಲ ಹೈಮವತಿ ಒಂದೊಂದನ್ನೂ ದೊಡ್ಡದು ಮಾಡಿ ಮಾಡಿ ನೋಡುತ್ತಿದ್ದಳು.

ಹೀಗೆ ಎರಡು ವರ್ಷ ನಾಲ್ಕು ತಿಂಗಳು ಕಳೆಯಿತು. ಅಷ್ಟರಲ್ಲಿ ಮೈಸೂರಿನ ಒಂದು ಹೆಣ್ಣುಮಕ್ಕಳ ಕಾಲೇಜಿನವರು ಯೋಗದ ಟೀಚರ್ ಬೇಕು ಎಂದರು. ಮೇಲುಕೋಟೆ ಅಮ್ಮಾವ್ರ ಪತ್ರ ತಂದರೆ ಸಂದರ್ಶನವೂ ಬೇಡ, ಆದರೆ ಶನಿವಾರ ಮಧ್ಯಾಹ್ನದೊಳಗೆ ತರಬೇಕು ಎಂದರು. ಹೈಮವತಿಗೆ ಅನ್ನ ಸೇರಲಿಲ್ಲ. ಈ ಕೆಲಸ ತಪ್ಪಿದರೆ ತನ್ನ ಬದುಕೇ ಆ ನಡುಮನೆಯಲ್ಲಿ ಕೊಳೆಯುತ್ತದೆ ಎಂದು ಅವಳಿಗೆ ಖಾತ್ರಿಯಾಗಿತ್ತು.

ಶುಕ್ರವಾರ ಅಮ್ಮಾವ್ರ ಮುಂದೆ ಕೈಕಟ್ಟಿ ನಿಂತು, ನಾಳೆ ಬೆಳಿಗ್ಗೆಯೇ ತನ್ನ ಪರೀಕ್ಷೆ ತೆಗೆದುಕೊಳ್ಳಬೇಕು ಎಂದು ಕೇಳಿಕೊಂಡಳು. ಬೈಗುಳ ತಿನ್ನಲು ಸಿದ್ಧವಾಗಿಯೇ ಹೋಗಿದ್ದಳು. ಅಮ್ಮಾವ್ರು ಒಂದು ಗಳಿಗೆ ಅವಳ ಮುಖ ನೋಡಿ, ಆಗಲಿ ಎಂದುಬಿಟ್ಟರು. ಒಳಗಿನಿಂದ ಕೇಳಿಸಿಕೊಂಡ ಅವರ ನಾದಿನಿ ಶೇಷಮ್ಮ ಮಾತ್ರ, “ಬೇಯೋ ತನಕ ಕಾದವಳಿಗೆ ಆರೋ ತನಕ ಕಾಯೋಕೇನು ಧಾಡಿ?” ಎಂದು ಗೊಣಗಿದರು. ಆ ಮನೆಯ ಅಡುಗೆ, ಆರೈಕೆ, ಗೊಣಗಾಟ ಎಲ್ಲವೂ ಶೇಷಮ್ಮನದೇ.

ಶನಿವಾರ ಬೆಳಿಗ್ಗೆ ಏಳಕ್ಕೆ ಅಮ್ಮಾವ್ರು ಚಾಪೆಯ ಮೇಲೆ ನಿಂತರು. ಹೈಮವತಿ ಎದುರು ನಿಂತಳು. ಎಂಟೂವರೆಗೆ ಬಸ್ಸು. ಅವಳ ತಲೆಯಲ್ಲಿ ಹದಿನಾರು ಆಸನಗಳ ಪಟ್ಟಿ, ಕಣ್ಣು ಗಡಿಯಾರದ ಮೇಲೆ, ಮನಸ್ಸು ಆಗಲೇ ಮೈಸೂರಿನಲ್ಲಿ. ಆದರೆ ಧ್ವನಿ ಚೆನ್ನಾಗಿತ್ತು, ಅದನ್ನು ಒಪ್ಪಲೇಬೇಕು. ಒಂದು ಹೆಸರು ತಪ್ಪಲಿಲ್ಲ, ಒಂದು ಎಣಿಕೆ ತಪ್ಪಲಿಲ್ಲ. ಕೈ ಎತ್ತಿ, ಉಸಿರು ತೆಗೆದುಕೊಳ್ಳಿ, ಬಗ್ಗಿ, ಐದು ಉಸಿರು ಇರಿ ಎಂದು ಪಟಪಟನೆ ಹೇಳಿಕೊಂಡು ಹೋದಳು. ಎಣಿಸಿದ್ದು ಮಾತ್ರ ತನ್ನ ಉಸಿರನ್ನು. ಅದು ಓಡುವವಳ ಉಸಿರು. ಎದುರಿಗಿದ್ದ ಎಪ್ಪತ್ತೊಂದರ ಉಸಿರು ಎಲ್ಲಿಗೆ ಬಂದಿದೆ ಎಂದು ಅವಳು ನೋಡಲೇ ಇಲ್ಲ.

ಏಳನೆಯದು ಹಲಾಸನ. ಬೆನ್ನ ಮೇಲೆ ಮಲಗಿ, ಕಾಲನ್ನು ಮೇಲೆತ್ತಿ, ತಲೆಯ ಹಿಂದಕ್ಕೆ ಒಯ್ದು ನೆಲ ಮುಟ್ಟಿಸುವುದು. ಭಾರವೆಲ್ಲ ಹೆಗಲು ಕತ್ತಿನ ಮೇಲೆ ಬೀಳುತ್ತದೆ. ಅಮ್ಮಾವ್ರ ಕಾಲು ನೆಲ ಮುಟ್ಟಲಿಲ್ಲ, ಒಂದು ಗೇಣು ಮೇಲೇ ನಿಂತಿತು. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದಳು ಹೈಮವತಿ. ಕಾಲು ನೆಲ ಮುಟ್ಟಿತು. ಅವಳು ಐದು ಎಣಿಸಿ ಎಂಟನೆಯದಕ್ಕೆ ಹೋದಳು. ಏಳೂಮುಕ್ಕಾಲಿಗೆ ಹದಿನಾರೂ ಮುಗಿದವು.

ಗೆದ್ದೆ ಎಂದುಕೊಂಡು ಅಮ್ಮಾವ್ರ ಕಾಲಿಗೆ ಬಿದ್ದು ಎದ್ದಳು. ಕೊನೆಯ ಶವಾಸನಕ್ಕೆ ಮಲಗಿದ ಅಮ್ಮಾವ್ರು ಏಳಲಿಲ್ಲ. ಶೇಷಮ್ಮ ಒಳಗಿನಿಂದ ಬಂದು, ತಲೆಗೆ ಕೈ ಕೊಟ್ಟು ಎತ್ತಲು ಹೋದರು. ಅಮ್ಮಾವ್ರು ಹಲ್ಲು ಕಚ್ಚಿದರು.

“ಕುತ್ತಿಗೆ ಹಿಡ್ಕೊಂಡಿದೆ ಕಣೇ,” ಎಂದರು ಶೇಷಮ್ಮ. “ಮರದ ಕೊರಡಿನ ಹಾಗಾಗಿದೆ. ನೀನು ಅಲ್ಲೇ ನಿಂತಿದ್ದೆಯಲ್ಲೇ?”

ಹೈಮವತಿ ಓಡಿಹೋಗಿ ಬಿಸಿನೀರಿನ ಬಟ್ಟೆ ತಂದಳು, ಎಣ್ಣೆ ತಂದಳು. ಹೆದರಿಕೆಯ ಹಿಂದೆಯೇ ಅವಳಿಗೆ ಸಿಟ್ಟೂ ಬಂತು. ಒಂದು ಮಾತು ಹೇಳಬಾರದಿತ್ತೇ, ಸಾಕು ಅಂದಿದ್ದರೆ ಅಲ್ಲೇ ನಿಲ್ಲಿಸುತ್ತಿರಲಿಲ್ಲವೇ ಎಂದು ಅಳುತ್ತಲೇ ಕೇಳಿದಳು. ಯಾವಾಗ ಹಿಡಿಯಿತು ಎಂದೂ ಕೇಳಿದಳು.

“ಏಳನೆಯದರಲ್ಲಿ,” ಎಂದರು ಅಮ್ಮಾವ್ರು. “ಆಮೇಲೆ ಇನ್ನೂ ಒಂಬತ್ತು ಮಾಡಿಸಿದೆ ನೀನು.”

ಹೈಮವತಿ ಎಣ್ಣೆಯ ಬಟ್ಟಲು ಕೆಳಗಿಟ್ಟಳು.

“ನಾಳೆ ನಿನ್ನ ಮುಂದೆ ಬಂದು ನಿಲ್ಲೋರು ಹೇಳ್ತಾರೇನೇ? ಟೀಚರ್ ಹೇಳಿದಾರೆ ಅಂತ ಹಲ್ಲು ಕಚ್ಚಿಕೊಂಡು ಮಾಡ್ತಾರೆ. ಮನೆಗೆ ಹೋಗಿ ನರಳ್ತಾರೆ. ನಾನೂ ಅವರ ಹಾಗೇ ಇದ್ದೆ, ಅಷ್ಟೆ.”

ಇದೆಂಥ ಹುಚ್ಚು ಪದ್ಧತಿ ಎನ್ನುತ್ತೀರಿ. ಶೇಷಮ್ಮನೂ ಅದನ್ನೇ ಎಂದರು, ಇನ್ನೂ ನಾಲ್ಕು ಮಾತು ಸೇರಿಸಿಯೇ ಎಂದರು. ಆಗ ಅಮ್ಮಾವ್ರು ತಮ್ಮ ಪರೀಕ್ಷೆಯ ದಿನದ ಕಥೆ ಹೇಳಿದರು. ಅವರಿಗಾಗ ಇಪ್ಪತ್ತೆರಡು. ತಂದೆಯನ್ನು ಪದ್ಮಾಸನದಲ್ಲಿ ಕೂರಿಸಿ, ಮೊಣಕಾಲು ಏಳುತ್ತಿದೆಯಲ್ಲ ಎಂದು ಕೈಯಿಂದ ಒತ್ತಿದ್ದರಂತೆ. ತಂದೆ ತುಟಿ ಬಿಚ್ಚಲಿಲ್ಲ. ಆಮೇಲೆ ಹನ್ನೊಂದು ವರ್ಷ, ಸಾಯುವ ತನಕ, ಆ ಕಾಲನ್ನು ಎಳೆದುಕೊಂಡೇ ನಡೆದರು. ಮಗಳನ್ನು ಒಂದು ದಿನವೂ ಬೈಯಲಿಲ್ಲ. ಇದನ್ನು ಹೇಳುವಾಗ ಅಮ್ಮಾವ್ರ ಕಣ್ಣಲ್ಲಿ ನೀರು ಬಂತು, ಕುತ್ತಿಗೆ ತಿರುಗದ್ದರಿಂದ ಮುಖ ಆಚೆ ತಿರುಗಿಸಿಕೊಳ್ಳಲೂ ಆಗಲಿಲ್ಲ.

ಆಮೇಲೆ ಕಾಗದ, ಪೆನ್ನು ತರಿಸಿದರು. ಹದಿನಾರೂ ಮಾಡಿಸಿದ್ದಾಳೆ, ಪದ್ಧತಿಯಂತೆ ಪತ್ರ ಕೊಡಲೇಬೇಕು ಎಂದರು. ಮಲಗಿದಲ್ಲೇ ಮೊದಲ ಸಾಲು ಬರೆದು, ಕೆಳಗೆ ರುಜು ಹಾಕಿ, ನಡುವೆ ಜಾಗ ಬಿಟ್ಟು ಅವಳ ಕೈಗೆ ಕೊಟ್ಟರು. “ಎರಡನೇ ಸಾಲು ನೀನೇ ಬರ್ಕೋ. ಬಸ್ಸು ತಪ್ಪೀತು, ಹೊರಡು.”

ಹೈಮವತಿ ಹೊರಟಳು. ಹೌದು, ಹೊರಟಳು. ಕಾಲೇಜಿನ ಆಸೆ ಅಷ್ಟಿತ್ತು. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಪತ್ರ ಬಿಚ್ಚಿದಳು. “ಇವರ ಕೈಗೆ ನನ್ನ ಮೈ ಕೊಟ್ಟು ನೋಡಿದ್ದೇನೆ” ಎಂದಿತ್ತು. ಅದು ನಿಜವೇ. ಅದರ ಕೆಳಗೆ ‘ನೀವೂ ಕೊಡಬಹುದು’ ಎಂದು ಬರೆಯಬೇಕು. ಎರಡೇ ಪದ. ಪೆನ್ನು ತೆಗೆದಳು. ಮುಚ್ಚಿದಳು. ಎದ್ದು ನಾಲ್ಕು ಹೆಜ್ಜೆ ಹಾಕಿ ಮತ್ತೆ ಕೂತಳು. ಬಸ್ಸು ಬಂತು. ಕಂಡಕ್ಟರು ಎರಡು ಸಲ ಕರೆದ. ಕಾಲೇಜಿನಲ್ಲಿ ಸಾಲಾಗಿ ಮಲಗಿರುವ ಹುಡುಗಿಯರು ಅವಳ ಕಣ್ಣ ಮುಂದೆ ಬಂದರು. ಇನ್ನೂ ಸ್ವಲ್ಪ ಎಂದರೆ ಇನ್ನೂ ಸ್ವಲ್ಪ ಬಗ್ಗುವವರು, ನೋವಾಗುತ್ತಿದೆ ಎನ್ನಲು ನಾಚುವವರು. ಬಸ್ಸು ಹೋಯಿತು.

ಅವಳು ಮನೆಗೆ ಬಂದು ಪತ್ರವನ್ನು ಅಮ್ಮಾವ್ರ ಎದೆಯ ಮೇಲಿಟ್ಟಳು.

“ನನ್ನ ಕೈಲಿ ಬರೆಯಕ್ಕಾಗಲ್ಲ, ಅಮ್ಮಾವ್ರೇ.”

ಆ ಕೆಲಸ ಬೇರೆ ಯಾರಿಗೋ ಹೋಯಿತು. ಅವಳಿಗೆ ಸಂಕಟವಾಗಲಿಲ್ಲ ಎಂದರೆ ನಾನು ಸುಳ್ಳು ಹೇಳಿದಂತೆ. ತಿಂಗಳುಗಟ್ಟಲೆ ಹೊಟ್ಟೆ ಉರಿಯಿತು. ಬಿಟ್ಟು ಹೋಗಲು ಎರಡು ಸಲ ಬ್ಯಾಗೂ ಕಟ್ಟಿದಳು. ಆದರೆ ದಿನಾ ಬೆಳಿಗ್ಗೆ ಅಮ್ಮಾವ್ರ ಕುತ್ತಿಗೆಗೆ ಎಣ್ಣೆ ಹಚ್ಚುವಾಗ, ಎಲ್ಲಿ ಒತ್ತಿದರೆ ಉಸಿರು ಸಣ್ಣಗಾಗುತ್ತದೆ, ಎಲ್ಲಿ ಸಲೀಸಾಗುತ್ತದೆ ಎಂದು ಅವಳ ಬೆರಳಿಗೆ ತಿಳಿಯತೊಡಗಿತು. ಒಂದೂವರೆ ತಿಂಗಳಿಗೆ ಕುತ್ತಿಗೆ ಸರಿಹೋಯಿತು. ಅವಳು ತಾನಾಗಿಯೇ ಹೋಗಿ ಕ್ಲಾಸಿನ ಹಿಂದೆ ಕೂತಳು. ಹೆಬ್ಬೆರಳು ಆಗಲೂ ಕುಣಿಯುತ್ತಿತ್ತು. ಕಣ್ಣು ಮಾತ್ರ ಬೇರೆಯವರ ಬೆನ್ನಿನ ಮೇಲಿತ್ತು.

ಮತ್ತೆ ಒಂದೂವರೆ ವರ್ಷಕ್ಕೆ ಎರಡನೆಯ ಪರೀಕ್ಷೆ. ಅಮ್ಮಾವ್ರು ಚಾಪೆಯ ಮೇಲೆ ನಿಂತರು. ಶೇಷಮ್ಮ ಈ ಸಲ ಬಾಗಿಲಲ್ಲೇ ಕಾವಲು ನಿಂತರು. ಮೊದಲನೆಯ ಆಸನ ಆಯಿತು, ಎರಡನೆಯದು, ಮೂರನೆಯದು. ಹೈಮವತಿ ಎಣಿಸುತ್ತಿದ್ದದ್ದು ಅಮ್ಮಾವ್ರ ಉಸಿರನ್ನು. ಅದು ಹೋಗುವ ತನಕ ಕಾಯುವಳು, ಬರುವ ತನಕ ಕಾಯುವಳು. ನಾಲ್ಕನೆಯದರಲ್ಲಿ ಆ ಉಸಿರು ಎಲ್ಲೋ ಒಂದು ಕೂದಲೆಳೆಯಷ್ಟು ತಡವರಿಸಿತು. ಮುಖದಲ್ಲಿ ಏನೂ ಇರಲಿಲ್ಲ.

ಹದಿನಾರು ಮುಗಿಸದಿದ್ದರೆ ಪತ್ರವಿಲ್ಲ. ಇನ್ನೂ ಹನ್ನೆರಡು ಬಾಕಿ. ನಾಲ್ಕು ವರ್ಷ ಹೋಗಿದೆ, ಇದೂ ಹೋದರೆ ಇನ್ನೆಷ್ಟು ವರ್ಷವೋ. ಹೈಮವತಿ ಎಣಿಸುವುದನ್ನು ನಿಲ್ಲಿಸಿದಳು.

“ಸಾಕು, ಅಮ್ಮಾವ್ರೇ. ನಿಧಾನಕ್ಕೆ ಕೂತ್ಕೊಳಿ. ಇವತ್ತಿಗೆ ಇಷ್ಟೇ.”

ಅಮ್ಮಾವ್ರು ನಿಧಾನವಾಗಿ ಕೂತರು, ಸೊಂಟ ನೀವಿಕೊಂಡರು. ಪರೀಕ್ಷೆ ಮುಗಿದಿದ್ದರಿಂದ ಈಗ ಬಾಯಿ ಬಿಡಬಹುದಿತ್ತು.

“ಮೂರನೆಯದಕ್ಕೇ ಸಾಕಾಗಿತ್ತು ಕಣೇ,” ಎಂದರು. “ಪರವಾಗಿಲ್ಲ. ಎರಡೂ ಸಾಲು ನಾನೇ ಬರೀತೀನಿ. ಹೋಗು, ಕಲಿಸು.”

ನೀತಿ: ನಮ್ಮನ್ನು ನಂಬಿದವರು ತಮ್ಮ ನೋವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಅದನ್ನು ಕಂಡು ನಿಲ್ಲಿಸಲು ಬಲ್ಲವರೇ ಕಲಿಸಲು ತಕ್ಕವರು. ಪಾಠ ಮುಗಿಸುವ ಅವಸರದಲ್ಲಿ ಎದುರಿಗಿರುವವರನ್ನು ಮರೆಯಬಾರದು.