ಎಂಟು ಗೆರೆಯ ಅಕ್ಷರ

ಜಪಾನಿನ ಲಿಪಿಗುರುವೊಬ್ಬರ ಮನೆಯ ಇಲಿ, ಪಾಠ ಕೇಳಿ ಕೇಳಿ ಒಂದು ಕಾಂಜಿ ಅಕ್ಷರವನ್ನು ಅರೆದು ಕುಡಿದಿತ್ತು.

"ಇದನ್ನು 'ದೊಕು' ಎಂದು ಓದಬೇಕು. ಒಟ್ಟು ಎಂಟು ಗೆರೆ. ಮೇಲಿನ ಅಡ್ಡಗೆರೆ ಮೂರರಲ್ಲಿ ಕೆಳಗಿನದು ಉದ್ದ," ಎಂದು ಗೋಡೆಯ ಹಲ್ಲಿಗೆ ಪಾಠ ಒಪ್ಪಿಸಿತು.

"ಅರ್ಥವೇನಯ್ಯಾ?" ಎಂದು ಹಲ್ಲಿ ಕೇಳಿತು.

"ಅರ್ಥ ನಾಳಿನ ಪಾಠ. ಮೊದಲು ಕೈ ಪಳಗಬೇಕೆಂಬುದು ಗುರುಗಳ ಕಟ್ಟಳೆ."

ಅಂದೇ ಮಧ್ಯಾಹ್ನ ಅಡುಗೆಮನೆಯ ಮೂಲೆಯಲ್ಲಿ ಹೊಸದೊಂದು ರಟ್ಟಿನ ಡಬ್ಬಿ ಕಂಡಿತು. ಅದರ ಮೇಲೆ ಅದೇ ಅಕ್ಷರ! ಇಲಿ ಹಿರಿಹಿರಿ ಹಿಗ್ಗಿ ಗೆರೆ ಎಣಿಸಿತು. ಎಂಟೂ ಇದ್ದವು.

"ಕೆಳಗಿನ ಗೆರೆ ಗಿಡ್ಡವಾಯಿತು. ಬರೆದವನಿಗೆ ಒಳ್ಳೆಯ ಗುರು ಸಿಕ್ಕಿಲ್ಲ," ಎಂದು ಮೂಗು ಮುರಿದು, ಡಬ್ಬಿ ಕೊರೆದು, ಒಳಗಿದ್ದ ಸಿಹಿ ಉಂಡೆಯನ್ನು ತಿಂದು ಮುಗಿಸಿತು.

ಮರುದಿನ ಗುರುಗಳು, "ಈ ಅಕ್ಷರದ ಅರ್ಥ ವಿಷ," ಎಂದರು. ಹೌದೆಂದು ಹಲ್ಲಿ ಲೊಚಗುಟ್ಟಿತು. ಇಲಿ ಪಾಠಕ್ಕೆ ಬಂದಿರಲಿಲ್ಲ.