ಗೀಜಗ ಕಟ್ಟಿದ ಕೋಟೆ

ಜಾಲಿಮರದ ಕೆಳಗೆ ದಿನಾ ಸಂಜೆ ಗೀಜಗ ಆಟ ಆಡಿಸುತ್ತಿತ್ತು. ಆಟದಲ್ಲಿ ಅಳಿಲು ರಾಜ, ಮೊಲ ದಂಡನಾಯಕ. ಮುಂದೇನು ಮಾಡುತ್ತೇವೆಂದು ಹೇಳಿ ಅವೆರಡೂ ಹುಣಸೆಬೀಜ ಎಸೆಯುತ್ತಿದ್ದವು. ಬೀಜ ಬಿದ್ದ ಹಾಗೆ ಕಥೆ ಬೆಳೆಸುವುದು ಗೀಜಗನ ಕೆಲಸ. ಶತ್ರು, ಮಾಟಗಾತಿ, ಬಿರುಗಾಳಿ ಎಲ್ಲವೂ ಅದೊಂದೇ ಆಗಬೇಕು.

ಒಂದು ದಿನ ಅದು ತನ್ನ ಗೂಡಿನಿಂದಲೇ ನಾಲ್ಕು ಎಳೆ ಹುಲ್ಲು ಕಿತ್ತು ನೆಲದ ಮೇಲೆ ಪುಟ್ಟ ಕೋಟೆ ಕಟ್ಟಿತು. ಅಳಿಲು ಕುಣಿದಾಡಿತು. ಆ ಖುಷಿಗೆ ಮರುದಿನ ಅರಮನೆ ಎದ್ದಿತು, ಅದರ ಮರುದಿನ ಊರಿಗೆ ಊರೇ. ಹೊಸ ಹುಲ್ಲು ತರಲು ಪುರುಸೊತ್ತೆಲ್ಲಿ? ಹಗಲಿಡೀ ತಲೆಯಲ್ಲಿ ಸಂಜೆಯ ಕಥೆಯೇ.

"ಗೂಡು ತೆಳುವಾಯಿತು. ನಾಲ್ಕು ದಿನ ಆಟ ಬಿಡಿ," ಎಂದಿತು ಹೆಣ್ಣುಗೀಜಗ, ಮೊಟ್ಟೆಗಳ ಮೇಲಿಂದ ಏಳದೆ.

"ಪಾಪ, ನನ್ನನ್ನೇ ನೆಚ್ಚಿಕೊಂಡು ಬರುತ್ತವೆ," ಎನ್ನುತ್ತ ಗೀಜಗ ಇನ್ನೊಂದು ಎಳೆ ಕಿತ್ತಿತು.

ಅದಾದ ಮೂರನೆಯ ದಿನ ನಿಜವಾದ ಗಾಳಿಯೇ ಬೀಸಿತು. ಗೂಡಿನ ತಳ ಕಳಚಿ, ಮೊಟ್ಟೆಗಳು ಕೋಟೆಬಾಗಿಲ ಮುಂದೆ ಬಿದ್ದು ಒಡೆದವು.

ಸಂಜೆ ಆಟಕ್ಕೆ ಬಂದ ಅಳಿಲು ಚಿಪ್ಪುಗಳನ್ನು ನೋಡಿತು, ತಲೆಯೆತ್ತಿ ಗೂಡನ್ನು ನೋಡಿತು.

"ಈ ಹುಲ್ಲೆಲ್ಲ ನಿನ್ನ ಗೂಡಿನದೇ ಗೀಜಗಣ್ಣ? ಒಂದು ಮಾತು ಹೇಳಿದ್ದರೆ ನಾವೇ ತರುತ್ತಿದ್ದೆವಲ್ಲ! ನಿನಗೆ ಆಯಾಸವಾದ ದಿನ ನಾನೇ ಕಥೆ ಹೇಳುತ್ತಿದ್ದೆ. ದಣಿವಾಯಿತೇ ಎಂದು ಕೇಳೋಣವೆಂದರೆ, ನೀನು ಯಾವತ್ತೂ ನಗುತ್ತಲೇ ಇದ್ದೆ."

ಗೀಜಗ ಒಡೆದ ಚಿಪ್ಪುಗಳ ಪಕ್ಕ ಬಂದು ಕುಳಿತಿತು. ಮೇಲೆ ತಳವಿಲ್ಲದ ಗೂಡು ತೂಗಾಡುತ್ತಿತ್ತು. ಕೆಳಗೆ ಕೋಟೆ ಮಾತ್ರ ಒಂದೆಳೆಯೂ ಅಲುಗದೆ ಗಟ್ಟಿಯಾಗಿ ನಿಂತಿತ್ತು.