ಕಿಟಕಿ ಒಪ್ಪದ ಹಿಡಿಕೆ

ಹೆದ್ದಾರಿ ಪಕ್ಕದ ಮನೆಯೊಂದರಲ್ಲಿ, ಲಾರಿಗಳ ಸದ್ದು ತಡೆಯಲೆಂದು ಹಾಕಿಸಿದ ಜೋಡಿ ಗಾಜಿನ ಕಿಟಕಿಯಿತ್ತು. ಒಂದು ದಿನ ಅದರ ಹಿಡಿಕೆ ಮುರಿಯಿತು. ಮನೆಯೊಡತಿ ಚಂದ್ರಕಲಮ್ಮ ಅದರ ಫೋಟೋವನ್ನು ಮುಂದಿನಿಂದ ತೆಗೆದು ಅಂಗಡಿಯಲ್ಲಿ ತೋರಿಸಿ, ಅದಕ್ಕಿಂತ ಚೆಂದದ, ಬಂಗಾರದ ಬಣ್ಣದ ಹಿಡಿಕೆ ತಂದರು. ಬಡಗಿ ಮೌಲಾಸಾಬ್ ಅದನ್ನು ಕೂರಿಸಿದ.

ಹಿಡಿಕೆ ಗತ್ತಿನಿಂದ ತಿರುಗಿ, "ತೆರೆದುಕೋ" ಎಂದಿತು.

"ತೆರೆಯುವುದಿಲ್ಲ" ಎಂದಿತು ಕಿಟಕಿ. "ನಿನ್ನ ಬೆನ್ನಿಗಿರುವ ಕಂಬಿ ಗಿಡ್ಡ. ಅದು ನನ್ನೊಳಗಿನ ಚಿಲಕವನ್ನು ಮುಟ್ಟಿಯೇ ಇಲ್ಲ."

"ಮನೆಯವರು ಮೆಚ್ಚಿ ತಂದಿರುವುದು ನನ್ನನ್ನು. ಹಠ ಮಾಡಿದರೆ ಬಡಗಿ ಸುತ್ತಿಗೆ ಎತ್ತುತ್ತಾನೆ."

"ಎತ್ತಲಿ. ಎರಡು ಗಾಜೂ ಪುಡಿಯಾಗಲಿ. ನನ್ನನ್ನು ಮುಟ್ಟದವರ ಅಪ್ಪಣೆಗೆ ನಾನು ಅಲ್ಲಾಡುವುದಿಲ್ಲ."

"ಕಿಟಕಿಯೇ ಕೆಟ್ಟಿರಬೇಕು. ಎರಡೇಟು ಹಾಕಿ ನೋಡಪ್ಪ" ಎಂದರು ಚಂದ್ರಕಲಮ್ಮ.

ಸುತ್ತಿಗೆ ಎತ್ತಿದ ಮೌಲಾಸಾಬ್ ಏನೋ ಅನುಮಾನ ಬಂದು ಅದನ್ನು ಕೆಳಗಿಟ್ಟ. ಹಿಡಿಕೆ ಬಿಚ್ಚಿ, ಮುರಿದ ಹಿಡಿಕೆಯ ಪಕ್ಕ ಬೋರಲು ಇಟ್ಟ. ಹೊಸದರ ಕಂಬಿ ಅರ್ಧ ಬೆರಳು ಗಿಡ್ಡವಿತ್ತು. "ಕಿಟಕಿ ಸರಿಯಾಗೇ ಇದೆ ಅಮ್ಮಾ. ನೀವು ಮುಖ ನೋಡಿ ತಂದಿದ್ದೀರಿ" ಎಂದ.

ಮಾರನೆಯ ದಿನ ಚಂದ್ರಕಲಮ್ಮ ಮುರಿದ ಹಿಡಿಕೆಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ, ಅದೇ ಅಳತೆಯ ಕಂಬಿಯಿದ್ದ ಒಂದು ಮಂಕು ಕಪ್ಪು ಹಿಡಿಕೆ ತಂದರು. ಮೌಲಾಸಾಬ್ ಅದನ್ನು ಕಿಟಕಿಗೆ ಕೂರಿಸಿದ. ಮೇಜಿನ ಮೇಲಿದ್ದ ಬಂಗಾರದ ಹಿಡಿಕೆ ನಕ್ಕಿತು. "ನಿನ್ನನ್ನು ಯಾರು ನೋಡುತ್ತಾರೆ?"

"ನೋಡದಿದ್ದರೆ ಬೇಡ" ಎಂದು ಕಪ್ಪು ಹಿಡಿಕೆ ತಿರುಗಿತು.

ಕಿಟಕಿ ತೆರೆಯಿತು. ಚಂದ್ರಕಲಮ್ಮ ಹೊರಗಿನ ಬೇವಿನ ಮರ ನೋಡುತ್ತ ನಿಂತರು.